ನಾಯಿಯ ಮೈಮೇಲಿನ ಗಂಟು: ಬೆಳಕು ಏನು ಹೇಳಬಲ್ಲದು?

ಬೇಲೂರು ತಾಲ್ಲೂಕಿನ ಮಾದಿಹಳ್ಳಿ ಸುತ್ತಮುತ್ತ ಮನೆ, ತೋಟ ಕಾಯುವುದಕ್ಕೆ ನಾಯಿ ಬೇಕೇ ಬೇಕು. ಅದರ ಮೈ ಸವರುವಾಗ ಕೈಗೆ ಸಿಗುವ ಗಂಟು ಎಷ್ಟೋ ಸಲ ರಕ್ತ ಕುಡಿದು ಊದಿದ ಉಣ್ಣೆ. ಕೂದಲು ಬಿಡಿಸಿ ನೋಡಿದರೆ, ಚರ್ಮಕ್ಕೆ ಕಚ್ಚಿಕೊಂಡ ಕಡೆ ಅದರ ಸಣ್ಣ ಕಾಲುಗಳು ಕಾಣುತ್ತವೆ. ಕಾಲೂ ಇಲ್ಲದ, ಕೀಳಲೂ ಬಾರದ ಗಂಟು ಸಿಕ್ಕರೆ ಎಚ್ಚರ ಬೇಕು. ವಯಸ್ಸಾದ ನಾಯಿಯಲ್ಲಿ ಅದು ನಿರುಪದ್ರವಿ ಕೊಬ್ಬಿನ ಗೆಡ್ಡೆಯಾಗಿರಬಹುದು. ಎಳೆಯ ನಾಯಿಯಲ್ಲಾದರೆ ತಾನಾಗಿಯೇ ಕರಗಿಹೋಗುವ ಹಿಸ್ಟಿಯೊಸೈಟೋಮ ಇರಬಹುದು. ಮಾಸ್ಟ್ ಕೋಶದ ಗೆಡ್ಡೆಯೂ ಆಗಿರಬಹುದು. ನಾಯಿಗಳ ಚರ್ಮದ ಮಾರಕ ಗೆಡ್ಡೆಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ.

ಮಾಸ್ಟ್ ಕೋಶಗಳೊಳಗೆ ಹಿಸ್ಟಮಿನ್ ತುಂಬಿರುತ್ತದೆ. ಗೆಡ್ಡೆಯನ್ನು ಉಜ್ಜಿದರೆ, ಹಿಸುಕಿದರೆ ಅದು ಹೊರಬಿದ್ದು ಸುತ್ತಲಿನ ಚರ್ಮ ಕೆಂಪಾಗಿ ಊದುತ್ತದೆ, ಆಮೇಲೆ ಇಳಿಯುತ್ತದೆ. ಇಳಿಯಿತಲ್ಲ ಎಂದು ಮನೆಯವರು ಸುಮ್ಮನಾಗುವುದು ಇಲ್ಲಿಯೇ.

ನೋಡಿ, ಮುಟ್ಟಿ ಇವನ್ನು ಬೇರ್ಪಡಿಸಲಾಗದು. ಪಶುವೈದ್ಯರು ಸಣ್ಣ ಸೂಜಿ ಹಾಕಿ ಜೀವಕೋಶ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅಗತ್ಯವಿದ್ದರೆ ಬಯಾಪ್ಸಿ ಆಗಬೇಕು. ಚುಚ್ಚದೆ, ಕೊಯ್ಯದೆ ಬೆಳಕಿನಿಂದಲೇ ಮೊದಲ ಸುಳಿವು ಪಡೆಯಬಹುದೇ ಎಂಬ ಹುಡುಕಾಟ ಹುಟ್ಟಿದ್ದು ಈ ತೊಡಕಿನಿಂದ.

ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಆಕ್ಸಿಮೀಟರ್ ಬೆಳಕಿನ ಯಂತ್ರವೇ. ಕೆಂಪು ಮತ್ತು ಅವಕೆಂಪು ಕಿರಣಗಳನ್ನು ಹಾಯಿಸಿ, ರಕ್ತ ಅವನ್ನು ಎಷ್ಟು ಹೀರಿತು ಎಂದು ಅಳೆದು ಆಮ್ಲಜನಕದ ಮಟ್ಟ ತಿಳಿಸುತ್ತದೆ. ಗೆಡ್ಡೆ ಬೆಳೆದ ಜಾಗದಲ್ಲಿ ರಕ್ತನಾಳಗಳೂ ಕೋಶಗಳ ಜೋಡಣೆಯೂ ಬದಲಾಗುವುದರಿಂದ, ಅಲ್ಲಿಂದ ಮರಳುವ ಬೆಳಕೂ ಬದಲಾಗುತ್ತದೆ. ಸ್ಲೊವೇನಿಯಾದ ಸಂಶೋಧಕರು ನಾಯಿಗಳ ಚರ್ಮದ ಮತ್ತು ಚರ್ಮದಡಿಯ ಗೆಡ್ಡೆಗಳನ್ನು ಹೀಗೆ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಇನ್ನೊಂದು ದಾರಿ ಪ್ರತಿದೀಪ್ತಿ: ನೇರಳೆ ಬೆಳಕು ಬಿದ್ದಾಗ ಚರ್ಮದ ಕೊಲಾಜೆನ್ ಮುಂತಾದ ವಸ್ತುಗಳು ತಾವೇ ಮಂದವಾಗಿ ಹೊಳೆಯುತ್ತವೆ. ಗೆಡ್ಡೆಯಲ್ಲಿ ಆ ಹೊಳಪಿನ ಪ್ರಮಾಣ, ಬಣ್ಣ ಎರಡೂ ಬೇರೆ.

ಮೂರನೆಯ ದಾರಿಗೆ ಸಿ.ವಿ. ರಾಮನ್ ಅವರ ಹೆಸರೇ ಇದೆ. 1928ರಲ್ಲಿ ಕಲ್ಕತ್ತಾದಲ್ಲಿ ಅವರು ಕಂಡುಕೊಂಡ ಪರಿಣಾಮ ಇದು. ಅಣುವಿಗೆ ತಾಗಿ ಚದುರುವ ಬೆಳಕಿನಲ್ಲಿ ಕೋಟಿಗೊಂದರಷ್ಟು ಕಣಗಳು ಬಣ್ಣ ಬದಲಿಸಿ ಬರುತ್ತವೆ. ಆ ಬದಲಾವಣೆಯಿಂದ ಅಣು ಯಾವುದೆಂದು ಗುರುತಿಸಬಹುದು. 1933ರಲ್ಲಿ ರಾಮನ್ ಬೆಂಗಳೂರಿಗೆ ಬಂದು ನೆಲೆಸಿದರು. ಇಂದು ಅದೇ ತತ್ವದ ಯಂತ್ರಗಳು ಕ್ಯಾನ್ಸರ್ ಅಂಗಾಂಶದ ಪ್ರೋಟೀನು, ಕೊಬ್ಬುಗಳ ವ್ಯತ್ಯಾಸ ಓದುತ್ತವೆ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓಸಿಟಿ ಎಂಬ ವಿಧಾನವನ್ನು ನಾಯಿಗಳ ಶಸ್ತ್ರಚಿಕಿತ್ಸೆಗೆ ಬಳಸಿ ನೋಡಿದ್ದಾರೆ. ಗೆಡ್ಡೆ ಕೊಯ್ದು ತೆಗೆದ ಮೇಲೆ ಅದರ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ ಎಂಬುದನ್ನು ಅವಕೆಂಪು ಬೆಳಕಿನ ಚಿತ್ರದಿಂದ ತಿಳಿಯುವ ಪ್ರಯತ್ನವಿದು.

ಅಡ್ಡಿಗಳೂ ಕಡಿಮೆಯಿಲ್ಲ. ಕೂದಲು ಬೆಳಕನ್ನು ತಡೆಯುವುದರಿಂದ ಆ ಜಾಗವನ್ನು ಬೋಳಿಸಬೇಕು. ಕಪ್ಪು ಚರ್ಮದ ಮೆಲನಿನ್ ಕಿರಣಗಳನ್ನು ನುಂಗುತ್ತದೆ. ಓಸಿಟಿಗೆ ಕಾಣುವುದು ಒಂದೆರಡು ಮಿಲಿಮೀಟರ್ ಆಳದವರೆಗೆ ಮಾತ್ರ. ನಾಯಿ ಅಲುಗಾಡಿದರೆ ಅಳತೆಯೇ ಕೆಡುತ್ತದೆ. ಹಾಗಾಗಿ ಯಾವ ಗಂಟಿಗೆ ಸೂಜಿ ತಡಮಾಡಬಾರದು ಎಂದು ಹೇಳುವುದಕ್ಕೆ ಬೆಳಕು ನೆರವಾಗಬಹುದು. ಕೊನೆಯ ತೀರ್ಮಾನ ಇನ್ನೂ ಸೂಕ್ಷ್ಮದರ್ಶಕದ್ದೇ.

ಇಂಥ ಸಾಧನ ಹೋಬಳಿ ಮಟ್ಟದ ಪಶು ಆಸ್ಪತ್ರೆಗೆ ಬಂದರೆ ಅದರ ದೊಡ್ಡ ಲಾಭ ಹಳ್ಳಿಯ ನಾಯಿಗೇ. ಅಲ್ಲಿಯವರೆಗೆ ಗಂಟನ್ನು ಹಿಸುಕಬಾರದು, ಸುಡಬಾರದು, ದಾರ ಕಟ್ಟಬಾರದು. ಪಕ್ಕದಲ್ಲಿ ನಾಣ್ಯವಿಟ್ಟು, ದಿನಾಂಕ ಕಾಣುವಂತೆ ಫೋನಿನಲ್ಲಿ ಚಿತ್ರ ತೆಗೆದು ಬೇಗ ವೈದ್ಯರಿಗೆ ತೋರಿಸಬೇಕು. ಹೆಚ್ಚಿನ ತಪಾಸಣೆ ಬೇಕಾದರೆ ಹಾಸನದಲ್ಲಿಯೇ ಪಶುವೈದ್ಯಕೀಯ ಕಾಲೇಜಿದೆ.