ಅಳಿವೆಯ ನೀರಿನಲ್ಲಿ ಕಾಲುವೆಯ ದೋಣಿ

ಇಂಗ್ಲೆಂಡಿನ ಕಾಲುವೆಗಳಲ್ಲಿ ‘ನ್ಯಾರೋಬೋಟ್’ ಎಂಬ ಒಂದು ಬಗೆಯ ದೋಣಿಯುಂಟು. ಹೆಸರೇ ಸೂಚಿಸುವಂತೆ ಅದು ಬಹಳ ಇಕ್ಕಟ್ಟಾದ ದೋಣಿ. ಅಗಲ ಸುಮಾರು 2.1 ಮೀಟರ್ ಮಾತ್ರ. ಉದ್ದವಾದರೋ 22 ಮೀಟರಿನವರೆಗೂ ಇರಬಹುದು. ಎರಡು ಬಾಗಿಲುಗಳ ನಡುವಿನ ತೊಟ್ಟಿಯಲ್ಲಿ ನೀರನ್ನು ಏರಿಸಿ ಇಳಿಸಿ, ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಸಾಗಿಸುವ ಏರ್ಪಾಡಿಗೆ ‘ಲಾಕ್’ ಎಂದು ಹೆಸರು. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಮೊದಲಾದ ಎಂಜಿನಿಯರರು ಈ ಲಾಕ್‌ಗಳನ್ನು ಏಳು ಅಡಿ ಅಗಲಕ್ಕೆ ಕಟ್ಟಿಸಿದುದೇ ದೋಣಿಯ ಈ ಆಕಾರಕ್ಕೆ ಕಾರಣ. ಇಂದಿನ ನ್ಯಾರೋಬೋಟುಗಳನ್ನು ಉಕ್ಕಿನ ತಗಡಿನಿಂದ ಮಾಡುತ್ತಾರೆ. ತಳ ಚಪ್ಪಟೆ, ನೀರಿನೊಳಗೆ ಮುಳುಗಿರುವ ಭಾಗ ಸಾಮಾನ್ಯವಾಗಿ ಮುಕ್ಕಾಲು ಮೀಟರಿಗೂ ಕಡಿಮೆ. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ.

ನಿಂತ ನೀರಿಗೆಂದು ಹುಟ್ಟಿದ ಇಂತಹ ದೋಣಿ, ಸಮುದ್ರವು ನದಿಯೊಳಕ್ಕೆ ನುಗ್ಗಿ ಹಿಂದೆ ಸರಿಯುವ ಅಳಿವೆಯಲ್ಲಿ ಸಂಚರಿಸಬಲ್ಲುದೆ? ಸಂಚರಿಸಬಲ್ಲುದು, ಆದರೆ ಪ್ರಕೃತಿ ವಿಧಿಸುವ ಷರತ್ತುಗಳಿಗೆ ಒಳಪಟ್ಟು ಮಾತ್ರ. ಇಂಗ್ಲೆಂಡಿನಲ್ಲಿ ನೆಲಸಿರುವ ಮಿತ್ರರೊಬ್ಬರ ದೋಣಿಯಲ್ಲಿ ನಾವು ನಾಲ್ವರು ಸೆವರ್ನ್ ನದಿಯ ಅಳಿವೆಯನ್ನು ದಾಟಿದೆವು. ಆ ಪ್ರಯಾಣವನ್ನೇ ಉದಾಹರಣೆಯಾಗಿಟ್ಟುಕೊಂಡು ಈ ಷರತ್ತುಗಳನ್ನು ಪರಿಶೀಲಿಸೋಣ.

ಹನ್ನೆರಡು ಮೀಟರಿನ ಏರಿಳಿತ

ನಮ್ಮ ಕರಾವಳಿಯಲ್ಲಿ ಭರತಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿರುವ ವ್ಯತ್ಯಾಸ ಸುಮಾರು ಒಂದೂವರೆಯಿಂದ ಎರಡು ಮೀಟರ್. ಸೆವರ್ನ್ ಅಳಿವೆಯ ದಡದಲ್ಲಿರುವ ಏವನ್‌ಮೌತಿನಲ್ಲಾದರೋ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಅದು ಸರಾಸರಿ 12 ಮೀಟರ್. ಎಂದರೆ ಮೂರಂತಸ್ತಿನ ಮನೆಯನ್ನು ಮುಳುಗಿಸುವಷ್ಟು ನೀರು ಆರು ಗಂಟೆಗಳಲ್ಲಿ ಬಂದು, ಮುಂದಿನ ಆರು ಗಂಟೆಗಳಲ್ಲಿ ಹೋಗುತ್ತದೆ!

ಚಂದ್ರ ಸೂರ್ಯರು ಎರಡು ಕಡೆಗೂ ಒಂದೇ ಅಲ್ಲವೆ? ಹಾಗಾದರೆ ಈ ಅಂತರವೇಕೆ? ಕಾರಣಗಳು ಎರಡು. ಮೊದಲನೆಯದು ಅಳಿವೆಯ ಆಕಾರ. ಅದು ಆಲಿಕೆಯಂತೆ ಒಳಹೋದಂತೆಲ್ಲ ಕಿರಿದಾಗುತ್ತದೆ. ಅಲೆಯ ಶಕ್ತಿ ಅದರ ಎತ್ತರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಆದುದರಿಂದ ಘರ್ಷಣೆಯನ್ನು ಲೆಕ್ಕಿಸದೆ, ಆಳವೂ ಬದಲಾಗದೆಂದು ಭಾವಿಸಿದರೆ, ಅಗಲವು ಕಾಲು ಭಾಗಕ್ಕೆ ಇಳಿದಾಗ ಎತ್ತರವು ಇಮ್ಮಡಿಯಾಗಬೇಕು. ಆಳವೂ ಕಡಿಮೆಯಾದರೆ ಎತ್ತರ ಇನ್ನಷ್ಟು ಹೆಚ್ಚುತ್ತದೆ. ಎರಡನೆಯದು ಅನುರಣನೆ. ಉಯ್ಯಾಲೆಯನ್ನು ಅದರದೇ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ನೂಕಿಗೂ ಅದು ಎತ್ತರಕ್ಕೆ ಏರುತ್ತದೆ. ಬ್ರಿಸ್ಟಲ್ ಕಾಲುವೆ ಎನ್ನಿಸಿಕೊಳ್ಳುವ ಸಮುದ್ರದ ಚಾಚು ಮತ್ತು ಅದರ ಹೊರಗಿನ ಆಳವಿಲ್ಲದ ಸಮುದ್ರ ಇವುಗಳ ಸಹಜ ತೊನೆದಾಟದ ಕಾಲವು, ಭರತದಿಂದ ಭರತಕ್ಕಿರುವ 12 ಗಂಟೆ 25 ನಿಮಿಷಗಳಿಗೆ ಸಮೀಪವಾಗಿದೆ. ನಮ್ಮ ದೇಶದ ಖಂಭಾತ್ ಕೊಲ್ಲಿಯಲ್ಲಿ ಏರಿಳಿತವು 10 ಮೀಟರನ್ನು ಮೀರುವುದೂ ಇಂತಹ ಕಾರಣಗಳಿಂದಲೇ.

ನೀರು ಒಂದೇ ಸಮನಾಗಿ ಇಳಿಯುವುದಿಲ್ಲವೆಂಬುದನ್ನೂ ಗಮನಿಸಬೇಕು. ನಾವಿಕರು ಒಂದು ಸ್ಥೂಲ ಸೂತ್ರವನ್ನು ಬಳಸುತ್ತಾರೆ: ಒಟ್ಟು ಇಳಿತವನ್ನು ಹನ್ನೆರಡು ಪಾಲು ಮಾಡಿದರೆ, ಆರು ಗಂಟೆಗಳಲ್ಲಿ ಅನುಕ್ರಮವಾಗಿ 1, 2, 3, 3, 2, 1 ಪಾಲು ಇಳಿಯುತ್ತದೆ. ಹನ್ನೆರಡು ಮೀಟರಿನ ಇಳಿತದಲ್ಲಿ ನಡುವಿನ ಎರಡು ಗಂಟೆಗಳಲ್ಲೇ ಆರು ಮೀಟರ್ ನೀರು ಹೊರಟುಹೋಗುವುದು! ಪ್ರವಾಹದ ರಭಸ ಆಗಲೇ ಅತ್ಯಧಿಕ. ಅಷ್ಟಮಿ ಕಳೆದ ದಿನಗಳಲ್ಲಿ ಏರಿಳಿತವು ಇದರ ಅರ್ಧದಷ್ಟೇ ಇರುವುದರಿಂದ ನಾವು ಅಂತಹ ದಿನಗಳನ್ನೇ ಆರಿಸಿಕೊಂಡೆವು.

ಹಿಂದಿರುಗಲಾಗದ ದಾರಿ

ಗ್ಲಾಸ್ಟರಿನಿಂದ ಶಾರ್ಪ್‌ನೆಸ್ಸಿಗೆ 26 ಕಿಲೋಮೀಟರಿನ ಕಾಲುವೆಯೊಂದಿದೆ. ನದಿಯ ಅಪಾಯಕರವಾದ ತಿರುವುಗಳನ್ನು ತಪ್ಪಿಸಲೆಂದು ಅದನ್ನು ತೋಡಿ 1827ರಲ್ಲಿ ತೆರೆದರು. ಶಾರ್ಪ್‌ನೆಸ್ಸಿನ ಲಾಕ್ ದಾಟಿದೊಡನೆ ಅಳಿವೆ. ಅಲ್ಲಿಂದ ಪೋರ್ಟಿಸ್‌ಹೆಡ್ 30 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ದೂರ. ಭರತವು ತುಂಬಿದಾಗ ಹೊರಟು ಇಳಿತದೊಡನೆ ಸಾಗಿದರೆ ಸುಮಾರು ಮೂರು ಗಂಟೆಗಳ ದಾರಿ.

ಇಲ್ಲಿ ಸಾಪೇಕ್ಷ ವೇಗದ ಪಾಠವು ಜೀವನ್ಮರಣದ ಪ್ರಶ್ನೆಯಾಗುತ್ತದೆ. ನೀರಿಗೆ ಹೋಲಿಸಿ ದೋಣಿಯ ವೇಗ ಗಂಟೆಗೆ 7 ಕಿ.ಮೀ. ಎನ್ನೋಣ, ಪ್ರವಾಹದ ವೇಗ 8 ಕಿ.ಮೀ. ಮುಂದೆ ಸಾಗುವಾಗ ದಡಕ್ಕೆ ಹೋಲಿಸಿ ವೇಗವು 15 ಕಿ.ಮೀ. ಮನಸ್ಸು ಬದಲಿಸಿ ದೋಣಿಯನ್ನು ಹಿಂದಕ್ಕೆ ತಿರುಗಿಸಿದರೋ? ಎಂಜಿನ್ನು ಪೂರ್ಣ ಬಲದಿಂದ ಓಡುತ್ತಿದ್ದರೂ ದೋಣಿಯು ಗಂಟೆಗೆ 1 ಕಿ.ಮೀ. ವೇಗದಲ್ಲಿ ಸಮುದ್ರದ ಕಡೆಗೇ ಸಾಗುವುದು! ಎಂಜಿನ್ನು ನಿಂತುಹೋದರೆ ಸಂಕಟ ಇನ್ನೂ ಹೆಚ್ಚು. ಆಗ ದೋಣಿಯು ನೀರಿನೊಡನೆಯೇ ತೇಲಿಹೋಗುವುದರಿಂದ ಚುಕ್ಕಾಣಿಯ ಹಲಗೆಯ ಮೇಲೆ ನೀರು ಹರಿಯುವುದಿಲ್ಲ. ಚುಕ್ಕಾಣಿ ಇದ್ದೂ ಇಲ್ಲದಂತಾಗುತ್ತದೆ. ಉಳಿಯುವ ಆಸರೆ ಲಂಗರು ಒಂದೇ. ಆದುದರಿಂದ ಅದನ್ನು ಸರಪಣಿ ಹಗ್ಗಗಳ ಸಮೇತ ಮುಂಭಾಗದಲ್ಲಿ ಸಿದ್ಧವಾಗಿಡಬೇಕು. ಡೀಸೆಲ್ ತೊಟ್ಟಿಯ ತಳದ ಕಸವು ಅಲೆಯ ಅಲುಗಾಟಕ್ಕೆ ಎದ್ದು ಎಂಜಿನ್ನಿನ ಸೋಸುಕವನ್ನು ಕಟ್ಟದಂತೆ ತೊಟ್ಟಿಯನ್ನೂ ಮೊದಲೇ ಶುಚಿಗೊಳಿಸಬೇಕು.

ಇದು ಕೇವಲ ಪುಸ್ತಕದ ಲೆಕ್ಕವಲ್ಲ. 1960ರ ಅಕ್ಟೋಬರ್ 25ರ ರಾತ್ರಿ, ದಟ್ಟವಾದ ಮಂಜಿನಲ್ಲಿ, ತೈಲ ತುಂಬಿದ್ದ ಎರಡು ನಾವೆಗಳು ಶಾರ್ಪ್‌ನೆಸ್ಸಿನ ಪ್ರವೇಶದ್ವಾರವನ್ನು ತಪ್ಪಿದವು. ಏರುತ್ತಿದ್ದ ಭರತವು ಅವುಗಳನ್ನು ನದಿಯ ಮೇಲಕ್ಕೆ ಸೆಳೆದೊಯ್ದು ಸೆವರ್ನ್ ರೈಲು ಸೇತುವೆಗೆ ಅಪ್ಪಳಿಸಿತು. ಸೇತುವೆಯ ಎರಡು ಕಮಾನುಗಳು ಕುಸಿದವು; ಐವರು ನಾವಿಕರು ಮಡಿದರು. ಆ ನಾವೆಗಳ ಅವಶೇಷಗಳು ಇಳಿತದ ಹೊತ್ತಿನಲ್ಲಿ ಇಂದಿಗೂ ತಲೆಯೆತ್ತುತ್ತವೆ.

ಗಾಳಿಯ ಮಾತು

ನಾವು ಗೊತ್ತುಮಾಡಿದ್ದ ದಿನ ನೈಋತ್ಯದಿಂದ ಬಲವಾದ ಗಾಳಿ ಬೀಸಿತು. ದಾರಿ ತೋರಿಸಲು ಬಂದ ಪೈಲಟರು ಪ್ರಯಾಣವನ್ನು ಮುಂದೂಡಿದರು. ನಮ್ಮಲ್ಲೊಬ್ಬರಿಗೆ ರಜೆ ಮುಗಿಯುವುದರಲ್ಲಿತ್ತು. “ದೋಣಿ ಉಕ್ಕಿನದಲ್ಲವೆ? ಸ್ವಲ್ಪ ಅಲುಗಾಡಿದರೇನು?” ಎಂದು ಅವರು ಕೇಳಿದರು. ಪೈಲಟರು ಮಾತನಾಡದೆ ಅವರನ್ನು ಮುಂಭಾಗಕ್ಕೆ ಕರೆದೊಯ್ದು, ಮಳೆನೀರು ಹೊರಹೋಗಲು ಬಿಟ್ಟಿದ್ದ ತೂತುಗಳನ್ನು ತೋರಿಸಿದರು. ಹೊರಗಿನ ನೀರಿನ ಮಟ್ಟಕ್ಕಿಂತ ಅವು ಕೆಲವೇ ಬೆರಳುಗಳಷ್ಟು ಮೇಲಿದ್ದವು. ನಮ್ಮ ಮಿತ್ರರು ಮರುಮಾತಾಡಲಿಲ್ಲ.

ಗಾಳಿಯೂ ಇಳಿತವೂ ಎದುರುಬದುರಾದಾಗ ಅಲೆಗಳಿಗೆ ಏನಾಗುತ್ತದೆ? ಎದುರು ಪ್ರವಾಹವು ಅವುಗಳ ಮುನ್ನಡೆಯನ್ನು ತಡೆಯುತ್ತದೆ. ಅಲೆಗಳು ಒತ್ತೊತ್ತಾಗಿ, ಎತ್ತರವಾಗಿ, ಕಡಿದಾಗಿ ನಿಲ್ಲುತ್ತವೆ. ಉಕ್ಕು ನೀರಿಗಿಂತ ಎಂಟರಷ್ಟು ಭಾರದ ವಸ್ತು. ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸಬಲ್ಲುದಾದುದರಿಂದ ಮಾತ್ರ ಉಕ್ಕಿನ ದೋಣಿ ತೇಲುತ್ತದೆ. 18 ಮೀಟರ್ ಉದ್ದ, 2 ಮೀಟರ್ ಅಗಲದ ನೆಲದ ಮೇಲೆ ಹತ್ತು ಸೆಂಟಿಮೀಟರ್ ನೀರು ನಿಂತರೆ ಅದರ ತೂಕ 3.6 ಟನ್. ಮೇಲಾಗಿ ದೋಣಿ ಯಾವ ಕಡೆಗೆ ವಾಲಿದರೆ ಆ ನೀರೂ ಆ ಕಡೆಗೇ ಓಡಿ, ವಾಲುವಿಕೆಯನ್ನು ಹೆಚ್ಚಿಸುತ್ತದೆ.

ಎರಡು ದಿನಗಳ ತರುವಾಯ ಗಾಳಿ ತಗ್ಗಿತು. ತೂತುಗಳನ್ನು ಮುಚ್ಚಿ, ಮುಂಬಾಗಿಲಿಗೆ ಹಲಗೆ ಬಿಗಿದು, ಜೀವರಕ್ಷಕ ಅಂಗಿಗಳನ್ನು ತೊಟ್ಟು ನಾವು ಹೊರಟೆವು. 1966ರ ತೂಗುಸೇತುವೆಯನ್ನೂ 1996ರ ಎರಡನೆಯ ಸೇತುವೆಯನ್ನೂ ಹಾದುಹೋದೆವು. ಎರಡನೆಯದರ ಕೆಳಗಿನ ‘ಶೂಟ್ಸ್’ ಎಂಬ ಕಿರಿದಾದ ಬಂಡೆಗಳ ಕೊರಕಲಿನಲ್ಲಿ, ದೊಡ್ಡ ಇಳಿತದ ಕಾಲಕ್ಕೆ ಪ್ರವಾಹವು 8 ನಾಟ್, ಎಂದರೆ ಗಂಟೆಗೆ ಸುಮಾರು 15 ಕಿ.ಮೀ. ವೇಗವನ್ನು ಮುಟ್ಟುತ್ತದೆ. ಅಷ್ಟೇ ನೀರು ಕಡಿಮೆ ಜಾಗದಲ್ಲಿ ನುಸುಳಬೇಕಾದಾಗ ವೇಗವು ಹೆಚ್ಚಲೇಬೇಕಷ್ಟೆ. ಬಂದರಿನ ಸಮೀಪದಲ್ಲಿ ಪೈಲಟರು ದೋಣಿಯ ಮೂತಿಯನ್ನು ಬಾಗಿಲಿಗೆ ನೇರವಾಗಿ ಹಿಡಿಯದೆ ಪ್ರವಾಹಕ್ಕೆ ಎದುರಾಗಿ ಓರೆ ಹಿಡಿದರು. ಅಡ್ಡ ಪ್ರವಾಹವು ದೋಣಿಯ ವೇಗದ ಅರ್ಧದಷ್ಟಿದ್ದರೆ ಓರೆಯು 30 ಡಿಗ್ರಿ ಇರಬೇಕೆಂಬುದನ್ನು ವಿದ್ಯಾರ್ಥಿಗಳು ವೇಗ ತ್ರಿಕೋನವನ್ನು ಬರೆದು ತಾವೇ ಕಂಡುಕೊಳ್ಳಬಹುದು.

ಈ ಪಾಠವನ್ನು ಕಲಿಯಲು ಸೆವರ್ನಿಗೇ ಹೋಗಬೇಕಾಗಿಲ್ಲ. ಅಘನಾಶಿನಿ, ಶರಾವತಿ, ನೇತ್ರಾವತಿಗಳ ಅಳಿವೆಗಳಲ್ಲಿ ನಮ್ಮ ಮೀನುಗಾರರು ತಿಥಿಯನ್ನೂ ಗಾಳಿಯನ್ನೂ ನೋಡಿಯೇ ದೋಣಿ ನೂಕುತ್ತಾರೆ. ಕರಾವಳಿಯ ವಿದ್ಯಾರ್ಥಿಗಳು ಅಂಥವರೊಬ್ಬರ ಜೊತೆಗೂಡಿ, ಗೆರೆ ಎಳೆದ ಕೋಲೊಂದನ್ನು ದಡದ ಬಳಿ ನೆಟ್ಟು, ಗಂಟೆಗೊಮ್ಮೆ ನೀರಿನ ಮಟ್ಟವನ್ನು ಬರೆದಿಡಲಿ. ಹದಿನೈದು ದಿನಗಳ ಅಂಕಿಗಳಿಂದ ನಕ್ಷೆಯನ್ನು ಎಳೆದರೆ ಚಂದ್ರನ ವೃದ್ಧಿಕ್ಷಯಗಳ ಗುರುತು ಅದರಲ್ಲಿ ಮೂಡುವುದು. ಒಂದೇ ದಿನದ ಎರಡು ಭರತಗಳು ಸಮನಾಗಿಲ್ಲವೆಂಬುದೂ ಕಾಣುವುದು. ಅದೇಕೆಂದು ಯೋಚಿಸುವುದು ಒಳ್ಳೆಯ ಅಭ್ಯಾಸ.