ಎರೆಹುಳು ಬೇಡದ ಗಾಳ: ಮನೆಯಲ್ಲೇ ಒಂದು ಜಿಗ್



ಗಾಳಕ್ಕೆ ಎರೆಹುಳು ಚುಚ್ಚಿ, ತಂಗೂಸಿ ಬಿಟ್ಟು ಕಾಯುವುದನ್ನು ಮಾಣಿ, ಪಾಣೆಮಂಗಳೂರು, ಉಪ್ಪಿನಂಗಡಿ ಕಡೆಯ ಹುಡುಗರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಹುಳುವಿಲ್ಲದೆ, ಬರೀ ಚಲನೆಯಿಂದಲೇ ಮೀನನ್ನು ಕೆಣಕುವ ಗಾಳವೂ ಉಂಟು. ಅದರ ಹೆಸರು ಜಿಗ್. ಗಾಳದ ಕಣ್ಣಿನ ಬಳಿ ಒಂದಿಷ್ಟು ಭಾರ, ಹಿಂದೆ ಗರಿಯ ಬಾಲ, ರಚನೆ ಇಷ್ಟೇ. ಎಳೆದರೆ ಮೇಲೇಳುತ್ತದೆ, ಸಡಿಲ ಬಿಟ್ಟರೆ ತಲೆ ಕೆಳಗಾಗಿ ಇಳಿಯುತ್ತದೆ. ಗಾಯಗೊಂಡ ಮರಿಮೀನಿನ ಚಲನೆಯೂ ಹೀಗೆಯೇ ಇರುವುದರಿಂದ ಮಡೆಂಜಿಯಂಥ ಬೇಟೆಗಾರ ಮೀನು ಮೋಸಹೋಗುತ್ತದೆ.

ಭಾರಕ್ಕೆಂದು ಎಲ್ಲರೂ ಮೊದಲು ಹುಡುಕುವುದು ಸೀಸವನ್ನು. ನಮ್ಮ ಬೀಸುಬಲೆಯ ಅಂಚಿನಲ್ಲಿಯೂ ಸೀಸದ ಮಣಿಗಳಿರುತ್ತವೆ. 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಈ ಲೋಹಕ್ಕೆ ಮನೆಯ ಒಲೆಯೇ ಸಾಕು. ಅಪಾಯವಿರುವುದು ಈ ಸುಲಭದಲ್ಲಿಯೇ. ಕರಗಿದ ಸೀಸದೊಳಗೆ ಹನಿ ನೀರು ಸಿಕ್ಕಿಕೊಂಡರೆ ಅದು ತಟ್ಟನೆ ಆವಿಯಾಗಿ, ಕುದಿಯುವ ಲೋಹವನ್ನು ಮುಖಕ್ಕೆ ಎರಚುತ್ತದೆ. ಅದರ ಹೊಗೆ, ಬೂದಿ, ಧೂಳು ಮೈ ಸೇರಿದರೆ ಮಿದುಳಿಗೂ ನರಗಳಿಗೂ ಹಾನಿ. ದೊಡ್ಡವರಿಗಿಂತ ಮಕ್ಕಳಿಗೆ ಹೆಚ್ಚು. ನಮ್ಮ ದೇಶ 2000ದಲ್ಲಿ ಪೆಟ್ರೋಲಿನಿಂದ ಸೀಸವನ್ನು ಹೊರಗಟ್ಟಿದ್ದಕ್ಕೆ ಒಂದು ಕಾರಣ ಇದೇ. ಗಾಳದ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ ಬ್ರಿಟನ್ 1987ರಲ್ಲಿ ಸಣ್ಣ ಗುಂಡುಗಳ ಮಾರಾಟವನ್ನೇ ನಿಷೇಧಿಸಿತು. ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವ ಯೋಚನೆಯನ್ನಂತೂ ಬಿಟ್ಟೇಬಿಡಿ.

ಸೀಸವಿಲ್ಲದೆ ಆದೀತೇ? ಆರ್ಕಿಮಿಡೀಸನನ್ನು ಕೇಳೋಣ. 10 ಗ್ರಾಂ ಸೀಸ ನೀರಿನಲ್ಲಿ ಸುಮಾರು 9.1 ಗ್ರಾಂ ತೂಗುತ್ತದೆ. 10 ಗ್ರಾಂ ಉಕ್ಕು 8.7 ಗ್ರಾಂ. ವ್ಯತ್ಯಾಸ ಅರ್ಧ ಗ್ರಾಮೂ ಇಲ್ಲ! ಆದರೆ ಅಷ್ಟೇ ತೂಕದ ಉಕ್ಕಿನ ಗಾತ್ರ ಸೀಸದ ಸುಮಾರು ಒಂದೂವರೆ ಪಟ್ಟು. ಆದ್ದರಿಂದ ನೀರಿನ ತಡೆ ಹೆಚ್ಚು, ಇಳಿಯುವುದು ನಿಧಾನ. ನಿಂತ ಮಡುವಿನಲ್ಲಿ ಇದನ್ನು ನಾನು ಲಾಭವೆಂದೇ ಎಣಿಸುತ್ತೇನೆ. ಮೀನಿಗೆ ನೋಡಲು ಹೊತ್ತು ಸಿಗುತ್ತದಲ್ಲ!

ಹಾರ್ಡ್‌ವೇರ್ ಅಂಗಡಿಯಿಂದ 8 ಮಿಲಿಮೀಟರ್ ಬೋಲ್ಟಿನ ಉಕ್ಕಿನ ನಟ್ ತನ್ನಿ. ಸುಮಾರು 5 ಗ್ರಾಂ ಇರುತ್ತದೆ. ಮೊದಲು ಗಾಳದ ಮೊನೆಯನ್ನು ಬೆಂಡಿನ ತುಂಡಿಗೆ ಚುಚ್ಚಿಡಿ, ಕೈ ಉಳಿಯುತ್ತದೆ. ಕಣ್ಣಿನ ಕಡೆಯಿಂದ ನಟ್ಟನ್ನು ಗಾಳದ ಕಡ್ಡಿಗೆ ತೂರಿಸಿ, ಕಣ್ಣಿನ ಹಿಂದೆಯೇ ನಿಲ್ಲಿಸಿ. ಇಲ್ಲಿ ಒಂದು ಸೂಕ್ಷ್ಮವಿದೆ. ನಟ್ಟಿನ ಹೆಚ್ಚಿನ ಭಾಗ ಗಾಳದ ಮೊನೆಯಿರುವ ಬದಿಗಲ್ಲ, ಅದರ ಎದುರು ಬದಿಗೆ ಬರಬೇಕು. ಆಗ ಭಾರ ಕೆಳಗಾಗಿ, ಮೊನೆ ಮೇಲ್ಮುಖವಾಗಿ ನಿಂತು, ತಳದ ಕಲ್ಲು ಬೇರುಗಳಿಗೆ ಸಿಕ್ಕುವುದು ಕಡಿಮೆ. ಹಾಗೆಯೇ ಹಿಡಿದು ದಾರ ಸುತ್ತಿ, ತೂತನ್ನು ಎಂ-ಸೀಲ್‌ನಿಂದ ತುಂಬಿ, ಒಂದು ರಾತ್ರಿ ಒಣಗಲು ಬಿಡಿ. ನಟ್ಟಿನ ಹಿಂದೆ ಹುಂಜದ ಕುತ್ತಿಗೆಯ ಗರಿಗಳನ್ನೂ ಹಳೆಯ ಸೀರೆಯ ಎರಡು ಎಳೆ ಜರಿಯನ್ನೂ ಬಿಗಿದು ಕಟ್ಟಿ. ತಲೆಗೆ ಉಗುರುಬಣ್ಣ ಬಳಿದರೆ ತುಕ್ಕು ತಡವಾಗುತ್ತದೆ. ಅಕ್ಕನನ್ನು ಕೇಳಿಯೇ ತೆಗೆದುಕೊಳ್ಳಿ.

ನದಿಗೆ ಹೋಗುವ ಮೊದಲು ಬಕೆಟ್ ನೀರಿನಲ್ಲಿ ಎಳೆದು ನೋಡಿ. ಮೊನೆ ಪಕ್ಕಕ್ಕೆ ವಾಲಿದರೆ ಭಾರ ನಡುವಿನಲ್ಲಿಲ್ಲವೆಂದರ್ಥ. ಹಗುರಾದ ಬದಿಗೆ ಇನ್ನಷ್ಟು ಎಂ-ಸೀಲ್ ಹಚ್ಚಿ.

ನೇತ್ರಾವತಿಗೆ ಒಬ್ಬರೇ ಇಳಿಯಬೇಡಿ. ಮಳೆಗಾಲದಲ್ಲಿ ದಡಕ್ಕೂ ಬೇಡ. ಮೊದಲ ಮಳೆಗೆ ಉಬರ್ ಹತ್ತಿ ಬರುವ ಮೀನುಗಳ ಹೊಟ್ಟೆಯಲ್ಲಿ ಮೊಟ್ಟೆಯಿರುತ್ತದೆ. ಬೆಳ್ತಂಗಡಿ ತಾಲೂಕಿನ ಶಿಶಿಲದ ಮತ್ಸ್ಯತೀರ್ಥಕ್ಕೆ ಹೋಗುವಾಗ ಗಾಳವನ್ನು ಮನೆಯಲ್ಲೇ ಬಿಡಿ. ಅಲ್ಲಿಯ ಪೆರುವೋಳು ಮೀನುಗಳು ದೇವರ ಮೀನುಗಳು. ನೀರಿನಲ್ಲಿ ಅವು ತಿರುಗುವ ರೀತಿಯನ್ನು ನೋಡಿ ಬಂದರೆ ಮುಂದಿನ ಜಿಗ್‌ನ ಬಾಲ ಎಷ್ಟು ಉದ್ದವಿರಬೇಕೆಂಬುದು ತಾನಾಗಿ ತಿಳಿಯುತ್ತದೆ.