ಕೊಂಡ ಆಟ ಯಾರ ಸ್ವತ್ತು?

ಫ್ರಾನ್ಸ್ ಮೂಲದ ಯೂಬಿಸಾಫ್ಟ್ ಕಂಪನಿ 2014ರ ಡಿಸೆಂಬರ್‌ನಲ್ಲಿ ‘ದಿ ಕ್ರೂ’ ಎಂಬ ಕಾರು ಓಟದ ವಿಡಿಯೊ ಗೇಮ್ ಬಿಡುಗಡೆ ಮಾಡಿತು. ಅಮೆರಿಕದ ಭೂಪಟವನ್ನು ಕುಗ್ಗಿಸಿ ರೂಪಿಸಿದ ರಸ್ತೆಗಳಲ್ಲಿ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೆ ಕಾರು ಓಡಿಸುವ ಆಟ ಅದು. ಕೆಲವರು ಅದನ್ನು ಅಂಗಡಿಯಲ್ಲಿ ಡಿಸ್ಕ್ ರೂಪದಲ್ಲಿ ಕೊಂಡರು. ಇನ್ನು ಕೆಲವರು ಹಣ ತೆತ್ತು ಅಂತರ್ಜಾಲದಿಂದ ಇಳಿಸಿಕೊಂಡರು. 2023ರ ಡಿಸೆಂಬರ್‌ನಲ್ಲಿ ಕಂಪನಿ ಅದರ ಮಾರಾಟ ನಿಲ್ಲಿಸಿತು. 2024ರ ಮಾರ್ಚ್ 31ರಂದು ಆಟವನ್ನು ನಡೆಸುತ್ತಿದ್ದ ಸರ್ವರ್‌ಗಳನ್ನೂ ಮುಚ್ಚಿತು. ಒಬ್ಬರೇ ಕುಳಿತು ಆಡಬಹುದಾದ ಭಾಗಕ್ಕೂ ಕಂಪನಿಯ ಸರ್ವರ್ ಸಂಪರ್ಕ ಕಡ್ಡಾಯವಾಗಿದ್ದುದರಿಂದ ಆಟ ಎಲ್ಲರ ಮನೆಯಲ್ಲೂ ಒಮ್ಮೆಲೇ ನಿಂತುಹೋಯಿತು. ಕೆಲವು ಗ್ರಾಹಕರ ಖಾತೆಯಿಂದ ಅದರ ಪರವಾನಗಿಯೂ ಕಣ್ಮರೆಯಾಯಿತು. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಗೆ ಇದಕ್ಕಿಂತ ಆಧುನಿಕ ನಿದರ್ಶನ ಬೇಕಿಲ್ಲ.

ಮಕ್ಕಳಾಟದ ವಿಷಯಕ್ಕೆ ಇಷ್ಟೊಂದು ಚರ್ಚೆಯೇ ಎಂದು ಕೆಲವರಿಗೆ ಅನಿಸಬಹುದು. ಆದರೆ ಟಿ.ವಿ.ಗೆ ಜೋಡಿಸಿ ಆಡುವ ಕನ್ಸೋಲ್‌ನ ಹೊಸ ಗೇಮ್ ಒಂದಕ್ಕೆ ನಮ್ಮಲ್ಲಿ ನಾಲ್ಕೈದು ಸಾವಿರ ರೂಪಾಯಿ ತೆರಬೇಕು. ಅಷ್ಟು ಹಣ ಕೊಟ್ಟು ತಂದ ಮಿಕ್ಸಿಯನ್ನು ತಯಾರಕರು ದೂರದಿಂದಲೇ ನಿಷ್ಕ್ರಿಯಗೊಳಿಸಿದ್ದರೆ ಯಾವ ಗೃಹಸ್ಥರೂ ಸುಮ್ಮನಿರುತ್ತಿರಲಿಲ್ಲ. ಇಂದು ಗೇಮ್‌ಗೆ ಆದದ್ದು ಪುಸ್ತಕ, ಹಾಡು, ಸಿನಿಮಾಗಳಿಗೂ ಆಗಬಹುದು. ಅಷ್ಟೇಕೆ, 2009ರ ಜುಲೈನಲ್ಲಿ ಅಮೆಜಾನ್ ತನ್ನ ಗ್ರಾಹಕರ ಕಿಂಡಲ್ ಸಾಧನಗಳಿಂದ ಜಾರ್ಜ್ ಆರ್ವೆಲ್‌ರ ಕಾದಂಬರಿಗಳನ್ನು ಹೇಳದೆ ಕೇಳದೆ ಅಳಿಸಿಹಾಕಿತ್ತು. ಮಾರಿದವರಿಗೆ ಹಕ್ಕುಸ್ವಾಮ್ಯ ಇರಲಿಲ್ಲವೆಂಬುದು ಅದಕ್ಕೆ ಕಾರಣ. ಹಣ ಮರಳಿಸಲಾಯಿತು, ಸಂಸ್ಥೆಯ ಮುಖ್ಯಸ್ಥರು ಕ್ಷಮೆಯನ್ನೂ ಕೋರಿದರು. ಆದರೆ ಓದುಗನ ಕಪಾಟಿಗೆ ಮಾರಾಟಗಾರನ ಕೈ ಹೊರಗಿನಿಂದಲೇ ಎಟುಕುತ್ತದೆ ಎಂಬ ಸತ್ಯ ಅಂದೇ ಬಯಲಾಗಿತ್ತು.

ಕೈಯಲ್ಲಿ ಹಿಡಿಯಬಹುದಾದ ವಸ್ತುವಿನ ವಿಚಾರದಲ್ಲಿ ಈ ಪ್ರಶ್ನೆ ಬಹಳ ಹಿಂದೆಯೇ ಇತ್ಯರ್ಥವಾಗಿದೆ. ಅಮೆರಿಕದ ಪ್ರಕಾಶನ ಸಂಸ್ಥೆಯೊಂದು ತನ್ನ ಕಾದಂಬರಿಯನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರಕೂಡದೆಂದು ಪುಸ್ತಕದಲ್ಲಿಯೇ ಅಚ್ಚು ಹಾಕಿಸಿತ್ತು. ನ್ಯೂಯಾರ್ಕಿನ ಮೇಸೀಸ್ ಮಳಿಗೆ ಅದನ್ನು 89 ಸೆಂಟ್‌ಗೆ ಮಾರಿತು. ವ್ಯಾಜ್ಯ ಸುಪ್ರೀಂ ಕೋರ್ಟ್ ಮುಟ್ಟಿದಾಗ, ಒಮ್ಮೆ ಮಾರಿದ ಪ್ರತಿಯ ಮುಂದಿನ ಮಾರಾಟವನ್ನು ನಿಯಂತ್ರಿಸುವ ಹಕ್ಕು ಪ್ರಕಾಶಕನಿಗೆ ಇಲ್ಲವೆಂದು 1908ರಲ್ಲಿ ತೀರ್ಪು ಬಂತು. ನಾವು ಓದಿ ಮುಗಿಸಿದ ಪುಸ್ತಕವನ್ನು ಗೆಳೆಯನಿಗೆ ಕೊಡುವುದು, ಹಳೆ ಪುಸ್ತಕದಂಗಡಿಗೆ ಮಾರುವುದು, ಮಗಳಿಗೆ ಬಿಟ್ಟುಹೋಗುವುದು ಎಲ್ಲವೂ ಈ ತತ್ವದ ಮೇಲೆಯೇ ನಿಂತಿವೆ.

ಗೇಮ್ ಡಿಸ್ಕ್‌ಗಳಿಗೂ ಇದೇ ನ್ಯಾಯ ಅನ್ವಯವಾಗುತ್ತಿತ್ತು. 2013ರಲ್ಲಿ ಮೈಕ್ರೊಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ಕನ್ಸೋಲ್ ಪ್ರಕಟಿಸಿದಾಗ ಬಳಸಿದ ಡಿಸ್ಕ್‌ಗಳ ಮರುಮಾರಾಟಕ್ಕೆ ಕಡಿವಾಣ ಹಾಕುವ, ದಿನಕ್ಕೊಮ್ಮೆ ಅಂತರ್ಜಾಲ ಸಂಪರ್ಕವನ್ನು ಕಡ್ಡಾಯಗೊಳಿಸುವ ಯೋಜನೆ ಮುಂದಿಟ್ಟಿತು. ಪ್ರತಿಸ್ಪರ್ಧಿ ಸೋನಿ, ಒಬ್ಬ ಅಧಿಕಾರಿ ಇನ್ನೊಬ್ಬರ ಕೈಗೆ ಡಿಸ್ಕ್ ಕೊಡುವುದನ್ನಷ್ಟೇ ತೋರಿಸುವ ಕಿರು ವಿಡಿಯೊ ಮಾಡಿ ಲೇವಡಿ ಮಾಡಿತು. ಗ್ರಾಹಕರ ಆಕ್ರೋಶಕ್ಕೆ ಮಣಿದ ಮೈಕ್ರೊಸಾಫ್ಟ್ ಅದೇ ಜೂನ್‌ನಲ್ಲಿ ಯೋಜನೆಯನ್ನು ಕೈಬಿಟ್ಟಿತು. ಅಂದು ಗೆದ್ದವರು ಗ್ರಾಹಕರು. ಆದರೆ ಮುಂಬಾಗಿಲಿನಿಂದ ಬರಲಾಗದ ನಿರ್ಬಂಧ ಮುಂದಿನ ವರ್ಷಗಳಲ್ಲಿ ಹಿಂಬಾಗಿಲಿನಿಂದ ಬಂತು. ಗ್ರಾಹಕರು ಅನುಕೂಲಕ್ಕಾಗಿ ತಾವಾಗಿಯೇ ಡೌನ್‌ಲೋಡ್‌ನತ್ತ ವಾಲಿದರು. ಅದರೊಂದಿಗೆ ಎರವಲು ಕೊಡುವ, ಮರಳಿ ಮಾರುವ ಹಕ್ಕುಗಳು ಸದ್ದಿಲ್ಲದೆ ಕಳಚಿಕೊಂಡವು. 2024ರ ನವೆಂಬರ್‌ನಲ್ಲಿ ಬಂದ ಸೋನಿಯ ಪ್ಲೇಸ್ಟೇಷನ್ 5 ಪ್ರೊ ಕನ್ಸೋಲ್‌ನಲ್ಲಿ ಡಿಸ್ಕ್ ಓದುವ ಸಾಧನವೇ ಇಲ್ಲ. ಬೇಕಾದವರು ಅದನ್ನು ಪ್ರತ್ಯೇಕವಾಗಿ ಕೊಳ್ಳಬೇಕು.

ಹಾಗಾದರೆ ಡಿಸ್ಕ್‌ಗೆ ಮರಳುವುದೇ ಪರಿಹಾರವೇ? ‘ದಿ ಕ್ರೂ’ ಪ್ರಕರಣ ಈ ಭ್ರಮೆಯನ್ನೂ ಒಡೆಯುತ್ತದೆ. ಡಿಸ್ಕ್ ಕೊಂಡವರ ಕಪಾಟಿನಲ್ಲಿ ಡಿಸ್ಕ್ ಇಂದಿಗೂ ಇರಬಹುದು, ಅದರಿಂದ ಪ್ರಯೋಜನವಿಲ್ಲ. 2025ರ ಜೂನ್‌ನಲ್ಲಿ ಬಿಡುಗಡೆಯಾದ ನಿಂಟೆಂಡೊ ಸ್ವಿಚ್ 2ರ ಕೆಲವು ಆಟಗಳ ಕಾರ್ಡ್‌ಗಳಲ್ಲಿ ಆಟವೇ ಇರುವುದಿಲ್ಲ. ಆಟವನ್ನು ಇಳಿಸಿಕೊಳ್ಳಲು ಬೇಕಾದ ಕೀಲಿ ಮಾತ್ರ ಇರುತ್ತದೆ. ಅಂದರೆ ಅಂಗಡಿಯಿಂದ ತಂದ ಪೆಟ್ಟಿಗೆಯೂ ಸರ್ವರ್‌ನ ಹಂಗಿನಲ್ಲಿದೆ. ಇದಕ್ಕೆ ವ್ಯತಿರಿಕ್ತವಾಗಿ, 2008ರಿಂದ ನಡೆಯುತ್ತಿರುವ ಜಿಒಜಿ ಎಂಬ ಮಾರಾಟ ತಾಣ ಯಾವುದೇ ಬೀಗವಿಲ್ಲದ ಡಿಜಿಟಲ್ ಪ್ರತಿಗಳನ್ನೇ ಮಾರುತ್ತದೆ. ಒಮ್ಮೆ ಇಳಿಸಿಟ್ಟುಕೊಂಡ ಕಡತವನ್ನು ತಾಣದ ಅಪ್ಪಣೆ ಕೇಳದೆ ಮತ್ತೆ ಸ್ಥಾಪಿಸಿ ಆಡಬಹುದು. ಆದ್ದರಿಂದ ನಿಜವಾದ ಭೇದ ಪ್ಲಾಸ್ಟಿಕ್‌ಗೂ ಡೌನ್‌ಲೋಡ್‌ಗೂ ನಡುವಿನದಲ್ಲ. ಮಾರಾಟದ ನಂತರ ಸ್ವಿಚ್ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದೇ ಮೂಲಪ್ರಶ್ನೆ.

ಕಂಪನಿಗಳ ವಾದದಲ್ಲಿಯೂ ಹುರುಳಿಲ್ಲದಿಲ್ಲ. ಸರ್ವರ್ ನಡೆಸಲು ನಿರಂತರ ವೆಚ್ಚವಿದೆ. ಆಟದಲ್ಲಿ ಬಳಸಿದ ಹಾಡುಗಳಿಗೆ, ನೈಜ ಕಾರುಗಳ ಮಾದರಿಗಳಿಗೆ ಪಡೆದ ಪರವಾನಗಿಗಳ ಅವಧಿ ಮುಗಿಯುತ್ತದೆ. ಆಡುವವರೇ ಇಲ್ಲದ ಆಟವನ್ನು ಅನಂತಕಾಲ ಸಾಕಬೇಕೆನ್ನುವುದು ನ್ಯಾಯವಲ್ಲ. ಡಿಜಿಟಲ್ ಮಾರಾಟದಿಂದ ಸಣ್ಣ ತಂಡಗಳ ಆಟಗಳೂ ಜಗತ್ತಿನಾದ್ಯಂತ ಅಗ್ಗದಲ್ಲಿ ದೊರೆಯುವಂತಾಗಿದೆ ಎಂಬುದನ್ನೂ ಒಪ್ಪಬೇಕು. ಆದರೆ ಗ್ರಾಹಕರು ಕೇಳುತ್ತಿರುವುದು ಸರ್ವರ್‌ಗಳ ಅಮರತ್ವವನ್ನಲ್ಲ. ಅಮೆರಿಕದ ಯೂಟ್ಯೂಬರ್ ರಾಸ್ ಸ್ಕಾಟ್ 2024ರ ಏಪ್ರಿಲ್‌ನಲ್ಲಿ ಆರಂಭಿಸಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಭಿಯಾನದ ಬೇಡಿಕೆ ಸರಳವಾದುದು: ಬೆಂಬಲ ನಿಲ್ಲಿಸುವಾಗ ಆಟವನ್ನು ಆಡಲು ಸಾಧ್ಯವಾಗುವ ಸ್ಥಿತಿಯಲ್ಲಿ ಬಿಟ್ಟುಹೋಗಿ. ಇದು ಅಸಾಧ್ಯವೂ ಅಲ್ಲ. ಟೀಕೆಗಳ ಬಳಿಕ ಯೂಬಿಸಾಫ್ಟ್ ‘ದಿ ಕ್ರೂ 2’ ಆಟಕ್ಕೆ ಅಂತರ್ಜಾಲವಿಲ್ಲದೆಯೂ ಆಡುವ ವ್ಯವಸ್ಥೆ ಕಲ್ಪಿಸುವುದಾಗಿ 2024ರ ಸೆಪ್ಟೆಂಬರ್‌ನಲ್ಲಿ ಘೋಷಿಸಿತು. ಅದೇ ತಿಂಗಳು ಸೋನಿ, ಬಿಡುಗಡೆಯಾಗಿ ಎರಡೇ ವಾರದಲ್ಲಿ ಸೋತ ‘ಕಾನ್‌ಕಾರ್ಡ್’ ಆಟವನ್ನು ಹಿಂತೆಗೆದುಕೊಂಡು ಕೊಂಡವರಿಗೆಲ್ಲ ಪೂರ್ತಿ ಹಣ ಹಿಂದಿರುಗಿಸಿತು. ಮನಸ್ಸಿದ್ದರೆ ಮಾರ್ಗವಿದೆ.

ಕಾನೂನುಗಳು ಈಗಷ್ಟೇ ಎಚ್ಚೆತ್ತುಕೊಳ್ಳುತ್ತಿವೆ. ಫ್ರಾನ್ಸ್‌ನ ಗ್ರಾಹಕ ಸಂಘಟನೆಯೊಂದು ಸ್ಟೀಮ್ ತಾಣದ ಒಡೆತನದ ವಾಲ್ವ್ ಕಂಪನಿಯ ವಿರುದ್ಧ ಹೂಡಿದ ದಾವೆಯಲ್ಲಿ, ಡಿಜಿಟಲ್ ಗೇಮ್‌ಗಳನ್ನೂ ಮರುಮಾರಾಟ ಮಾಡಬಹುದೆಂದು ಪ್ಯಾರಿಸ್ ನ್ಯಾಯಾಲಯ 2019ರಲ್ಲಿ ಹೇಳಿತ್ತು. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾಯ್ದೆಯ ಪ್ರಕಾರ, ಗ್ರಾಹಕನಿಗೆ ದೊರೆಯುವುದು ಪರವಾನಗಿ ಮಾತ್ರ ಎಂದು ಸ್ಪಷ್ಟಪಡಿಸದೆ ‘ಖರೀದಿಸಿ’ ಎಂಬ ಪದವನ್ನು ಬಳಸುವಂತಿಲ್ಲ. ಇಳಿಸಿಕೊಂಡು ಅಂತರ್ಜಾಲದ ಹಂಗಿಲ್ಲದೆ ಶಾಶ್ವತವಾಗಿ ಬಳಸಬಹುದಾದ ಸರಕಿಗೆ ಈ ನಿರ್ಬಂಧ ಇಲ್ಲ. ಯುರೋಪಿನಲ್ಲಿ ಸ್ಕಾಟ್ ಅಭಿಯಾನದ ಆಶಯ ಹೊತ್ತ ನಾಗರಿಕ ಅರ್ಜಿಗೆ 2025ರ ಜುಲೈ ವೇಳೆಗೆ 10 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು.

ಭಾರತದಲ್ಲಿ ಗೇಮಿಂಗ್ ಎಂದೊಡನೆ ಚರ್ಚೆ ಬಾಜಿಯತ್ತ ಹೊರಳುತ್ತದೆ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಮುಖ್ಯ ಗುರಿಯೂ ಹಣ ಕಟ್ಟಿ ಆಡುವ ಆಟಗಳೇ. ಹಣ ಕೊಟ್ಟು ಆಟವನ್ನೇ ಕೊಂಡವನ ಪಾಡು ಯಾರ ಗಮನಕ್ಕೂ ಬಂದಂತಿಲ್ಲ. ಹಾಗೆಂದು ನಮ್ಮ ಕೈ ಪೂರಾ ಬರಿದೂ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇ–ವಾಣಿಜ್ಯದ ವ್ಯಾಖ್ಯೆಯಲ್ಲಿಯೇ ಡಿಜಿಟಲ್ ಉತ್ಪನ್ನಗಳನ್ನು ಸೇರಿಸಿದೆ. ಸಕಾರಣವಿಲ್ಲದೆ ಏಕಪಕ್ಷೀಯವಾಗಿ ಒಪ್ಪಂದ ಮುರಿಯಲು ಅವಕಾಶ ಕೊಡುವ ಷರತ್ತನ್ನು ಅದು ‘ಅನುಚಿತ ಒಪ್ಪಂದ’ದ ಲಕ್ಷಣವೆಂದು ಗುರುತಿಸುತ್ತದೆ. ಆದರೆ ಅನುಚಿತ ಒಪ್ಪಂದದ ದೂರು ಆಲಿಸುವ ಅಧಿಕಾರವನ್ನು ಕಾಯ್ದೆ ಕೊಟ್ಟಿರುವುದು ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ, ಜಿಲ್ಲಾ ಆಯೋಗಗಳಿಗಲ್ಲ. ನಾಲ್ಕು ಸಾವಿರ ರೂಪಾಯಿಯ ಆಟಕ್ಕಾಗಿ ಬೀದರ್‌ನ ವಿದ್ಯಾರ್ಥಿಯೊಬ್ಬ ರಾಜ್ಯ ಆಯೋಗದ ಮೆಟ್ಟಿಲು ಹತ್ತುತ್ತಾನೆಯೇ? ನಷ್ಟ ಸಣ್ಣದು, ನಷ್ಟಕ್ಕೊಳಗಾದವರು ಚದುರಿಹೋದವರು. ಕಂಪನಿಗಳ ಧೈರ್ಯದ ಮೂಲವೂ ಇದೇ. ಹೀಗಾಗಿ ಒಬ್ಬೊಬ್ಬ ಗ್ರಾಹಕ ಹೋರಾಡಲೆಂದು ಕಾಯುವ ಬದಲು ಸರ್ಕಾರವೇ ನಿಯಮ ರೂಪಿಸಬೇಕು. ಗ್ರಾಹಕರನ್ನು ದಾರಿತಪ್ಪಿಸುವ ಆನ್‌ಲೈನ್ ತಂತ್ರಗಳ ವಿರುದ್ಧ 2023ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದ ವ್ಯವಸ್ಥೆಗೆ ಇದು ಕಷ್ಟದ ಕೆಲಸವಲ್ಲ.

ಇದು ಕೇವಲ ಹಣದ ಪ್ರಶ್ನೆಯೂ ಅಲ್ಲ. ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಮಾರುಕಟ್ಟೆಯಲ್ಲಿ ದೊರೆಯುತ್ತಿಲ್ಲವೆಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರ ಅಧ್ಯಯನದಲ್ಲಿ ಹೇಳಿತು. ಆ ಕಾಲದ ಆಟಗಳು ಹಳೆಯ ಡಿಸ್ಕ್‌ಗಳಲ್ಲಾದರೂ ಯಾರದೋ ಅಟ್ಟದಲ್ಲಿ ಉಳಿದಿವೆ. ಸರ್ವರ್‌ಗೆ ಕಟ್ಟುಬಿದ್ದ ಇಂದಿನ ಆಟಗಳಿಗೆ ಆ ಅಟ್ಟವೂ ಇಲ್ಲ.

ನಿಯಮದಲ್ಲಿ ಮೂರು ಅಂಶಗಳಿದ್ದರೆ ಸಾಕು. ಕೊಡುತ್ತಿರುವುದು ಪರವಾನಗಿಯಾಗಿದ್ದರೆ ಗುಂಡಿಯ ಮೇಲೆಯೇ ಹಾಗೆಂದು, ಗ್ರಾಹಕನ ಭಾಷೆಯಲ್ಲಿ, ಬರೆಯಬೇಕು. ಸರ್ವರ್‌ನ್ನು ಅವಲಂಬಿಸಿದ ಆಟ ಕನಿಷ್ಠ ಎಷ್ಟು ವರ್ಷ ನಡೆಯುತ್ತದೆಂದು ಮಾರುವಾಗಲೇ ತಿಳಿಸಬೇಕು. ಮುಚ್ಚುವಾಗ ಸ್ವತಂತ್ರವಾಗಿ ಆಡಬಹುದಾದ ರೂಪದಲ್ಲಿ ಬಿಟ್ಟುಕೊಡಬೇಕು, ಇಲ್ಲವೇ ಹಣ ಹಿಂದಿರುಗಿಸಬೇಕು. ಬಾಡಿಗೆಗೆ ಕೊಡುವುದು ತಪ್ಪಲ್ಲ. ಬಾಡಿಗೆಗೆ ಕೊಟ್ಟು ಕ್ರಯದ ಹಣ ಎಣಿಸಿಕೊಳ್ಳುವುದು ತಪ್ಪು.